ಪದ ಪರಿಚಯ: ಕಾರ್ಪೊರೇಷನ್ (ಸಿವಿಲೈಸೇಷನ್ 4)

ಸಿವಿಲೈಸೇಷನ್ ಅಂದರೆ ಟರ್ನ್ ಲೆಕ್ಕದಲ್ಲಿ, ಸರದಿಯ ಮೇಲೆ ಆಡುತ್ತ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳ ಸರಣಿ. ಅದರ ನಾಲ್ಕನೇ ಆಟ ಬಂದದ್ದು 2005ರಲ್ಲಿ. ಈ ನಾಲ್ಕನೇ ಆಟದ ಎರಡನೇ ವಿಸ್ತರಣೆ 'ಬಿಯಾಂಡ್ ದ ಸ್ವೋರ್ಡ್' 2007ರ ಜುಲೈನಲ್ಲಿ ಬಂತು. ಕಾರ್ಪೊರೇಷನ್ ಎಂಬ ವ್ಯವಸ್ಥೆ ಆಟಕ್ಕೆ ಸೇರಿದ್ದು ಆಗಲೇ. ಆಟ ಹಳೆಯದಾಯಿತು, ನಿಜ. ಆದರೆ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಸಲೀಸಾಗಿ ಓಡುತ್ತದೆ ಎಂಬ ಕಾರಣಕ್ಕೇ ಬೆಂಗಳೂರಿನಲ್ಲಿ ಇದನ್ನು ಈಗಲೂ ಆಡುವವರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಈ ಆಟದಲ್ಲಿ ಜನ ಅತಿ ಹೆಚ್ಚು ತಪ್ಪು ತಿಳಿದುಕೊಂಡಿರುವ ಪದ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕಾರ್ಪೊರೇಷನ್ ಅಂದರೆ ನಿಮ್ಮ ಸಾಮ್ರಾಜ್ಯದಲ್ಲಿರುವ ಕೆಲವು ಸಂಪನ್ಮೂಲಗಳನ್ನು ಲೆಕ್ಕ ಹಾಕಿ, ಶಾಖೆಯಿರುವ ಪ್ರತಿ ನಗರಕ್ಕೂ ಅದಕ್ಕೆ ತಕ್ಕಂತೆ ಅನ್ನವನ್ನೋ ಉತ್ಪಾದನೆಯನ್ನೋ ಸಂಸ್ಕೃತಿಯನ್ನೋ ಕೊಡುವ ಕಂಪನಿ. ಆಟದಲ್ಲಿ ಒಟ್ಟು 7 ಕಾರ್ಪೊರೇಷನ್‌ಗಳಿವೆ. ಪ್ರತಿಯೊಂದನ್ನೂ ಇಡೀ ಪ್ರಪಂಚದಲ್ಲಿ ಒಬ್ಬರೇ, ಒಂದೇ ಸಲ ಸ್ಥಾಪಿಸಬಹುದು. ಸ್ಥಾಪಿಸಲು ಕಾರ್ಪೊರೇಷನ್ ಎಂಬ ಟೆಕ್ (ಸಂಶೋಧಿಸಿ ಪಡೆಯುವ ತಂತ್ರಜ್ಞಾನ) ಬೇಕು, ಜೊತೆಗೆ ಇನ್ನೊಂದು ಟೆಕ್ ಬೇಕು, ನಗರದಲ್ಲಿ ಅಪರೂಪಕ್ಕೆ ಹುಟ್ಟುವ ಒಬ್ಬ ಮಹಾಪುರುಷನೂ (ಗ್ರೇಟ್ ಪರ್ಸನ್) ಬೇಕು. ಮೈನಿಂಗ್ ಇಂಕ್‌ಗೆ ರೈಲ್‌ರೋಡ್ ಟೆಕ್ ಮತ್ತು ಗ್ರೇಟ್ ಎಂಜಿನಿಯರ್. ಸಿಡ್ಸ್ ಸುಶಿಗೆ ಮೆಡಿಸಿನ್ ಮತ್ತು ಗ್ರೇಟ್ ಮರ್ಚೆಂಟ್. ಸೀರಿಯಲ್ ಮಿಲ್ಸ್‌ಗೆ ರೆಫ್ರಿಜರೇಷನ್ ಮತ್ತು ಮತ್ತೊಬ್ಬ ಮರ್ಚೆಂಟ್. ಉಳಿದ ನಾಲ್ಕೂ ಇದೇ ಜಾಡಿನವು. ನನ್ನ ಮಟ್ಟಿಗೆ ಈ ಮೂರೇ ಮುಖ್ಯ, ಅದರಲ್ಲೂ ಮೊದಲ ಎರಡು.

ಸ್ಟ್ಯಾಂಡರ್ಡ್ ಮ್ಯಾಪ್‌ನಲ್ಲಿ ಮೈನಿಂಗ್ ಇಂಕ್ ಪ್ರತಿ ಕಬ್ಬಿಣ, ತಾಮ್ರ, ಕಲ್ಲಿದ್ದಲು, ಚಿನ್ನ, ಬೆಳ್ಳಿಗೆ ಒಂದೊಂದು ಹ್ಯಾಮರ್ (ಆಟದಲ್ಲಿ ಉತ್ಪಾದನೆಯ ಅಳತೆ) ಕೊಡುತ್ತದೆ. ಸುಶಿ ಪ್ರತಿ ಮೀನು, ಏಡಿ, ಚಿಪ್ಪು, ಅಕ್ಕಿಗೆ ಅರ್ಧ ಅನ್ನ ಮತ್ತು 2 ಸಂಸ್ಕೃತಿ ಕೊಡುತ್ತದೆ. ಒಂದೇ ಸಂಪನ್ಮೂಲ ನಾಲ್ಕು ಕಡೆ ಸಿಕ್ಕಿದ್ದರೆ ನಾಲ್ಕೂ ಲೆಕ್ಕಕ್ಕೆ ಬರುತ್ತವೆ. ಬಳಸಿದ ಮಾತ್ರಕ್ಕೆ ಅವು ಖರ್ಚಾಗುವುದೂ ಇಲ್ಲ, ಎಲ್ಲ ಶಾಖೆಗಳಿಗೂ ಅದೇ ರಾಶಿ. ಅಂದರೆ 15 ಖನಿಜ ಇರುವವನಿಗೆ ಪ್ರತಿ ಶಾಖೆಯಲ್ಲೂ 15 ಹ್ಯಾಮರ್. ಹಿಮದ ಅಂಚಿನಲ್ಲಿ ಎರಡು ಹ್ಯಾಮರ್‌ಗೆ ತಿಣುಕುತ್ತಿದ್ದ ಮೀನುಗಾರರ ಊರಿಗೂ 15.

ಇಲ್ಲಿಯವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಎಡವುವುದು ಹಣದ ವಿಷಯದಲ್ಲಿ.

ಬನಶಂಕರಿಯಲ್ಲಿರುವ ನನ್ನ ಚಿಕ್ಕಮ್ಮನ ಮಗ ಒಂದು ಭಾನುವಾರ ತನ್ನ ಸೇವ್ ತೆರೆದು ತೋರಿಸಿದ. ಅಶೋಕನಾಗಿ ಆಡುತ್ತಿದ್ದ. ಮೈನಿಂಗ್ ಇಂಕ್ ಅವನದೇ, ದೇಶದ ತುಂಬ ಶಾಖೆ. ಆದರೂ ಸಂಶೋಧನೆಯ ಸ್ಲೈಡರ್ (ಆದಾಯದಲ್ಲಿ ಸಂಶೋಧನೆಗೆ ಹೋಗುವ ಪಾಲು) ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

"ಅಣ್ಣ, ಬ್ರಾಂಚ್ ಹಾಕಿದಷ್ಟೂ ದುಡ್ಡು ಸೋರ್ತಾ ಇದೆ. ಇದನ್ನ ಕಿತ್ತಾಕೋಕಾಗಲ್ವಾ?"

"ಆಗಲ್ಲ ಕಣೋ. ಮೊದಲು ಎಲ್ಲಿ ಸೋರ್ತಿದೆ ನೋಡೋಣ, ಒಂದು ಊರು ತೆಗಿ."

ಅವನು ದೆಹಲಿಯ ನಗರ ಪರದೆ ತೆರೆದ. ಮೇಲೆ ಎಡಗಡೆ ನಿರ್ವಹಣೆ ಎಂಬ ಸಾಲಿದೆ. ಮೌಸನ್ನು ಅದರ ಮೇಲೆ ಇಟ್ಟರೆ ಖರ್ಚು ಬಿಡಿಬಿಡಿಯಾಗಿ ಕಾಣುತ್ತದೆ: ರಾಜಧಾನಿಯಿಂದ ದೂರಕ್ಕೆ ಇಷ್ಟು, ನಗರಗಳ ಸಂಖ್ಯೆಗೆ ಇಷ್ಟು, ಕಾರ್ಪೊರೇಷನ್‌ಗೆ ಇಷ್ಟು. ಆ ಕೊನೆಯ ಅಂಕಿಯೇ ಉಳಿದ ಎಲ್ಲಕ್ಕಿಂತ ದೊಡ್ಡದಾಗಿತ್ತು. ಆಮೇಲೆ ಅವನ ಹೆಡ್‌ಕ್ವಾರ್ಟರ್ಸ್, ಅಂದರೆ ಕಾರ್ಪೊರೇಷನ್‌ನ ಕೇಂದ್ರ ಕಚೇರಿ, ಎಲ್ಲಿದೆ ಅಂತ ಹುಡುಕಿದೆವು. ಎಂಜಿನಿಯರ್ ಹುಟ್ಟಿದ ಊರಿನಲ್ಲೇ, ಗಣಿ ಬಿಟ್ಟರೆ ಏನೂ ಇಲ್ಲದ ಒಂದು ಗಡಿ ಪಟ್ಟಣದಲ್ಲಿ, ಸಿಕ್ಕ ಟರ್ನ್‌ನಲ್ಲೇ ಸ್ಥಾಪಿಸಿಬಿಟ್ಟಿದ್ದ. ಅಲ್ಲಿ ಬ್ಯಾಂಕೂ ಇರಲಿಲ್ಲ, ಮಾರ್ಕೆಟ್ಟೂ ಇರಲಿಲ್ಲ.

ಈ ಪದದ ತಿರುಳು ಇರುವುದು ಇಲ್ಲೇ. ಕಾರ್ಪೊರೇಷನ್‌ನಲ್ಲಿ ಖರ್ಚು ಕೊಡುವ ನಗರ ಬೇರೆ, ಹಣ ಗಳಿಸುವ ನಗರ ಬೇರೆ. ಶಾಖೆ ಇರುವ ಊರು ನಿರ್ವಹಣೆಯ ಹಣ ಕಟ್ಟುತ್ತದೆ. ಹೆಡ್‌ಕ್ವಾರ್ಟರ್ಸ್ ಇರುವ ಊರಿಗೆ ಪ್ರತಿ ಶಾಖೆಯ ಲೆಕ್ಕದಲ್ಲಿ 4 ಚಿನ್ನ (ಇದು ಆಟದ ಹಣ, ಖನಿಜ ಅಲ್ಲ) ಬರುತ್ತದೆ. ನಮ್ಮ ಊರಿನ ದರ್ಶಿನಿ ಹೋಟೆಲ್ ಒಂದು ತನ್ನ ಹೆಸರಿನಲ್ಲಿ ಫ್ರಾಂಚೈಸಿ ಕೊಟ್ಟ ಹಾಗೆ: ಅಂಗಡಿ ಬಾಡಿಗೆ ಕಟ್ಟುವವನು ಒಬ್ಬ, ತಿಂಗಳಾದರೆ ಹೆಸರಿನ ಹಣ ಎಣಿಸುವವನು ಇನ್ನೊಬ್ಬ. ನಿಮ್ಮದೇ ನಗರಗಳಾದರೆ ಇಬ್ಬರೂ ನೀವೇ. ಹಾಗಾಗಿ ಒಂದು ಶಾಖೆಯ ಪರದೆಯಷ್ಟನ್ನೇ ನೋಡಿ 'ಇದು ನಷ್ಟ' ಅನ್ನುವುದೂ ತಪ್ಪು, ಹೆಡ್‌ಕ್ವಾರ್ಟರ್ಸ್ ಅಷ್ಟನ್ನೇ ನೋಡಿ 'ಲಾಭ' ಅನ್ನುವುದೂ ತಪ್ಪು. ಎರಡನ್ನೂ ಕೂಡಿಸಿ ಕಳೆದರೆ ಸಿಗುವುದು ನಿಜವಾದ ಲೆಕ್ಕ.

ಮೊದಲು ಆದಾಯದ ಬದಿ. ಆ 4 ಚಿನ್ನಕ್ಕೆ ಹೆಡ್‌ಕ್ವಾರ್ಟರ್ಸ್ ಊರಿನ ಕಟ್ಟಡಗಳ ಗುಣಾಕಾರ ಸೇರುತ್ತದೆ. ಮಾರ್ಕೆಟ್ 25%, ಗ್ರೋಸರ್ 25%, ಬ್ಯಾಂಕ್ 50%, ಅಲ್ಲಿಗೆ 4 ಇದ್ದದ್ದು 8 ಆಗುತ್ತದೆ. ವಾಲ್ ಸ್ಟ್ರೀಟ್ ಎಂಬ ರಾಷ್ಟ್ರೀಯ ಅದ್ಭುತ ಇನ್ನೂ 100% ಸೇರಿಸುತ್ತದೆ, ಆಗ 12. ವಾಲ್ ಸ್ಟ್ರೀಟ್ ದೇಶಕ್ಕೊಂದೇ. ಹೆಡ್‌ಕ್ವಾರ್ಟರ್ಸನ್ನು ಸ್ಥಾಪಿಸಿದ ಮೇಲೆ ಬೇರೆ ಊರಿಗೆ ಸಾಗಿಸಲು ಬರುವುದಿಲ್ಲ. ಆದ್ದರಿಂದ ವಾಲ್ ಸ್ಟ್ರೀಟ್ ಎಲ್ಲಿ ಕಟ್ಟುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿ, ಮಹಾಪುರುಷನನ್ನು ಅಲ್ಲಿಗೇ ನಡೆಸಿಕೊಂಡು ಹೋಗಿ ಸ್ಥಾಪಿಸಬೇಕು. ನಾಲ್ಕೈದು ಟರ್ನ್ ತಡವಾದರೂ ಚಿಂತೆಯಿಲ್ಲ. ಒಂದೇ ಸಂಪನ್ಮೂಲಕ್ಕೆ ಕಚ್ಚಾಡದ ಎರಡು ಕಾರ್ಪೊರೇಷನ್‌ಗಳು ಒಂದೇ ಊರಿನಲ್ಲಿ ಇರಬಹುದು. ಮೈನಿಂಗ್ ಇಂಕ್ ಮತ್ತು ಸುಶಿ ಹೀಗೆ ಹೊಂದಿಕೊಳ್ಳುವ ಜೋಡಿ. ಸುಶಿ ಮತ್ತು ಸೀರಿಯಲ್ ಮಿಲ್ಸ್ ಹೊಂದುವುದಿಲ್ಲ, ಅಕ್ಕಿ ಎರಡಕ್ಕೂ ಬೇಕು. ಧರ್ಮಕ್ಷೇತ್ರದ (ಧರ್ಮವೊಂದು ಹುಟ್ಟಿದ ಊರಿನ) ಆದಾಯವೂ ಅದೇ ಊರಿಗೆ ಬರುತ್ತಿದ್ದರೆ ವಾಲ್ ಸ್ಟ್ರೀಟ್‌ಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಇನ್ನು ಖರ್ಚಿನ ಬದಿ. ಶಾಖೆಯ ವೆಚ್ಚದಲ್ಲಿ ಒಂದು ಪಾಲು ಶಾಖೆ ಇದೆ ಎಂಬ ಕಾರಣಕ್ಕೇ ಬೀಳುತ್ತದೆ. ಇನ್ನೊಂದು ಪಾಲು ಸಂಪನ್ಮೂಲಗಳ ಸಂಖ್ಯೆಯೊಂದಿಗೆ ಏರುತ್ತದೆ. ಜೊತೆಗೆ ಊರು ದೊಡ್ಡದಾದಷ್ಟೂ ಮೊತ್ತ ಬೆಳೆಯುತ್ತದೆ. ಇದನ್ನು ಇಳಿಸುವ ಮೊದಲ ಸಾಧನ ಕೋರ್ಟ್‌ಹೌಸ್, ನಗರದ ನಿರ್ವಹಣೆ ನೇರ ಅರ್ಧಕ್ಕೆ ಬರುತ್ತದೆ. ಎರಡನೆಯದು ಫ್ರೀ ಮಾರ್ಕೆಟ್ ಎಂಬ ಸಿವಿಕ್ (ನೀವು ಆರಿಸುವ ದೇಶದ ಆಡಳಿತ ನೀತಿ), ಕಾರ್ಪೊರೇಷನ್ ವೆಚ್ಚವನ್ನು 25% ತಗ್ಗಿಸುತ್ತದೆ. ಉದಾಹರಣೆಗೆ ಒಂದು ಶಾಖೆಯ ವೆಚ್ಚ 8 ಚಿನ್ನ ಅಂದುಕೊಳ್ಳಿ. ಫ್ರೀ ಮಾರ್ಕೆಟ್‌ನಿಂದ 6, ಕೋರ್ಟ್‌ಹೌಸ್‌ನಿಂದ 3. ಅತ್ತ ವಾಲ್ ಸ್ಟ್ರೀಟ್ ಊರಿನಲ್ಲಿ 12. ಶಾಖೆಯೊಂದಕ್ಕೆ ಟರ್ನಿಗೆ 9 ಚಿನ್ನ ಉಳಿತಾಯ, ಹ್ಯಾಮರ್ ಅದರ ಮೇಲೆ. ನನ್ನ ತಮ್ಮನ ಆಟದಲ್ಲಿ ಇದೇ ಲೆಕ್ಕ 8 ಕೊಟ್ಟು 4 ಪಡೆಯುವಂತಿತ್ತು. ಅಶೋಕ ಆರ್ಗನೈಸ್ಡ್ ಗುಣದ ನಾಯಕ, ಅವನಿಗೆ ಕೋರ್ಟ್‌ಹೌಸ್ ಅರ್ಧ ಶ್ರಮಕ್ಕೆ ಎದ್ದು ನಿಲ್ಲುತ್ತದೆ. ಆದರೂ ಹೊಸ ಊರುಗಳಲ್ಲಿ ಒಂದೂ ಕಟ್ಟಿರಲಿಲ್ಲ ಪುಣ್ಯಾತ್ಮ. ಗಡಿ ಪಟ್ಟಣದಲ್ಲಿ ಮಾರ್ಕೆಟ್, ಗ್ರೋಸರ್, ಬ್ಯಾಂಕ್, ಉಳಿದೆಡೆ ಕೋರ್ಟ್‌ಹೌಸ್ ಸಾಲಿಗೆ ಹಾಕಿಸಿದೆ. ವಾಲ್ ಸ್ಟ್ರೀಟ್ ಇನ್ನೂ ಕಟ್ಟಿರಲಿಲ್ಲವಾದ್ದರಿಂದ ಅದನ್ನೂ ಅಲ್ಲೇ ಕಟ್ಟು ಅಂದೆ. ಮೈನಿಂಗ್ ಇಂಕ್‌ನ ಹ್ಯಾಮರ್ ಇದ್ದದ್ದರಿಂದ ಅವೆಲ್ಲ ಬೇಗಬೇಗ ಮುಗಿದವು.

ಸಿವಿಕ್‌ಗಳ ಬಗ್ಗೆ ಇನ್ನೊಂದು ಮಾತು. ಸ್ಟೇಟ್ ಪ್ರಾಪರ್ಟಿ ಹಿಡಿದರೆ ನಿಮ್ಮ ದೇಶದಲ್ಲಿ ಕಾರ್ಪೊರೇಷನ್‌ಗಳ ಪರಿಣಾಮವೇ ನಿಂತುಹೋಗುತ್ತದೆ. ಮರ್ಕೆಂಟಿಲಿಸಂ ಹಿಡಿದರೆ ಹೊರದೇಶದ ಕಾರ್ಪೊರೇಷನ್‌ಗಳ ಪರಿಣಾಮ ಮಾತ್ರ ನಿಂತುಹೋಗುತ್ತದೆ. ಎನ್ವಿರಾನ್‌ಮೆಂಟಲಿಸಂ ವೆಚ್ಚ ಏರಿಸುತ್ತದೆ, ಅದನ್ನು ಮುಟ್ಟಬೇಡಿ. ಸ್ಟೇಟ್ ಪ್ರಾಪರ್ಟಿಯೇ ಮೇಲು ಎನ್ನುವವರ ವಾದದಲ್ಲಿ ಹುರುಳಿದೆ. ರಾಜ್ಯ ಬಹಳ ದೂರದವರೆಗೆ ಹರಡಿ ಹೆಜ್ಜೆಗೊಂದು ವರ್ಕ್‌ಶಾಪ್ ಇದ್ದರೆ ನಾನೂ ಅದನ್ನೇ ಹಿಡಿಯುತ್ತೇನೆ. ಅದು ದೂರದ ನಿರ್ವಹಣೆಯನ್ನು ಪೂರ್ತಿ ಅಳಿಸಿಹಾಕುತ್ತದೆ, ವರ್ಕ್‌ಶಾಪ್‌ಗೆ ಅನ್ನ ಸೇರಿಸುತ್ತದೆ. ಹತ್ತಕ್ಕಿಂತ ಕಡಿಮೆ ಖನಿಜ ಇಟ್ಟುಕೊಂಡು ಮೈನಿಂಗ್ ಇಂಕ್ ಕಟ್ಟುವುದಕ್ಕಿಂತ ಅದೇ ವಾಸಿ. ಆದರೆ ಸಂಪನ್ಮೂಲವನ್ನು ವ್ಯಾಪಾರದಿಂದಲೂ ತರಬಹುದು ಎಂಬುದನ್ನು ಜನ ಮರೆಯುತ್ತಾರೆ. ಹೊರದೇಶದಿಂದ ಬಂದ ತಾಮ್ರ, ಬೆಳ್ಳಿಯೂ ಲೆಕ್ಕಕ್ಕೆ ಸೇರುತ್ತದೆ. ನಿಮ್ಮಲ್ಲಿ ಹೆಚ್ಚಿಗೆ ಬಿದ್ದಿರುವ ಗೋಧಿ, ರೇಷ್ಮೆ ಕೊಟ್ಟು ಅದನ್ನು ತಂದರೆ ಪ್ರತಿ ಶಾಖೆಯಲ್ಲೂ ಒಂದೊಂದು ಹ್ಯಾಮರ್ ಏರುತ್ತದೆ.

ಶಾಖೆ ತೆರೆಯುವ ಕೆಲಸ ಎಕ್ಸಿಕ್ಯೂಟಿವ್ ಎಂಬ ಯೂನಿಟ್‌ನದು. ಕಾರ್ಪೊರೇಷನ್ ಈಗಾಗಲೇ ಇರುವ ಊರಿನಲ್ಲಿ ಅವನನ್ನು ತಯಾರಿಸಬೇಕು. ಹೋದ ಊರಿನಲ್ಲಿ ಶಾಖೆ ತೆರೆಯಲು ಖಜಾನೆಯಿಂದ ಚಿನ್ನವನ್ನೂ ಕೊಡಬೇಕು, ಹೊರದೇಶವಾದರೆ ಇನ್ನೂ ಹೆಚ್ಚು. ನಿಮ್ಮದೇ ಊರುಗಳಲ್ಲಿ ಮೊದಲು ಎಲ್ಲಿಗೆ? ರಾಜಧಾನಿಯಂತಹ ದೊಡ್ಡ ಊರಿಗೆ ಎಂದು ಮನಸ್ಸು ಹೇಳುತ್ತದೆ. ನಾನು ಚಿಕ್ಕ ಊರಿಗೆ ಕಳಿಸುತ್ತೇನೆ. ಜನಸಂಖ್ಯೆ ಕಡಿಮೆ, ಹಾಗಾಗಿ ವೆಚ್ಚವೂ ಕಡಿಮೆ. ಬರುವ ಹ್ಯಾಮರ್ ಮಾತ್ರ ದೊಡ್ಡ ಊರಿಗೆ ಬರುವಷ್ಟೇ. ಎರಡು ಹ್ಯಾಮರ್‌ನ ಊರಿಗೆ 15 ಸೇರಿದರೆ ಕೋರ್ಟ್‌ಹೌಸ್, ಫೋರ್ಜ್ ಎಲ್ಲ ತಾನಾಗಿ ಎದ್ದು ನಿಲ್ಲುತ್ತವೆ. ಸುಶಿಯದೂ ಇದೇ ಕಥೆ. 20 ಸಂಪನ್ಮೂಲ ಇದ್ದರೆ ಊರಿಗೆ 10 ಅನ್ನ, ಅಂದರೆ ಹೊಲವೇ ಇಲ್ಲದ ಮರಳುಗಾಡಿನ ಊರಿನಲ್ಲಿ ಐದು ಜನಕ್ಕೆ ಊಟ. ಜೊತೆಗೆ ಟರ್ನಿಗೆ 40 ಸಂಸ್ಕೃತಿ. ಗಡಿ ನಿಮ್ಮ ಕಣ್ಣೆದುರೇ ಮುಂದಕ್ಕೆ ಸರಿಯುತ್ತದೆ.

ಹೊರದೇಶದ ಶಾಖೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ನಿರ್ವಹಣೆ ಕಟ್ಟುವವರು ಆ ದೇಶದವರು, 4 ಚಿನ್ನ ಮಾತ್ರ ನಿಮಗೆ. ಹಾಗಂತ ಕಂಡಕಂಡ ಕಡೆ ಹಂಚಬಾರದು. ಅವರ ಶಾಖೆಗೆ ಅವರ ಸಂಪನ್ಮೂಲವೇ ಆಧಾರ, ಬರುವ ಅನ್ನ, ಹ್ಯಾಮರ್ ಕೂಡ ಅವರಿಗೇ. 12 ಖನಿಜ ಇರುವ ಬಲಿಷ್ಠ ಎದುರಾಳಿಗೆ ಮೈನಿಂಗ್ ಇಂಕ್ ಕೊಟ್ಟರೆ ಅವನ ಟ್ಯಾಂಕ್ ಕಾರ್ಖಾನೆಗೆ ನೀವೇ ಕಟ್ಟಿಗೆ ಹೊರಿಸಿದಂತೆ. ಆದರೆ ಹೆಡ್‌ಕ್ವಾರ್ಟರ್ಸ್ ಆದಾಯ ಸಂಪನ್ಮೂಲದ ಸಂಖ್ಯೆ ನೋಡುವುದಿಲ್ಲ. ಒಂದೇ ಕಬ್ಬಿಣ ಇರುವ ಬಡ ದೇಶದ ಊರಿನಿಂದಲೂ ಅಷ್ಟೇ 4 ಬರುತ್ತದೆ. ಅದಕ್ಕೇ ಸಂಪನ್ಮೂಲ ಕಡಿಮೆ ಇರುವ, ಊರು ಹೆಚ್ಚಿರುವ, ನಿಮ್ಮೊಂದಿಗೆ ಗಡಿ ತೆರೆದಿರುವ ದೇಶವನ್ನು ಹುಡುಕಬೇಕು. ಸಾಮಂತ ದೇಶವಾದರೆ ಇನ್ನೂ ವಾಸಿ. ಎಕ್ಸಿಕ್ಯೂಟಿವ್‌ಗಳನ್ನು ಹಡಗು ಹತ್ತಿಸುವ ಮುನ್ನ ಅವರು ಯಾವ ಸಿವಿಕ್ ಹಿಡಿದಿದ್ದಾರೆ ಅಂತ ರಾಜತಾಂತ್ರಿಕ ಪರದೆಯಲ್ಲಿ ಒಮ್ಮೆ ನೋಡಿ. ಮರ್ಕೆಂಟಿಲಿಸಂ ಅಥವಾ ಸ್ಟೇಟ್ ಪ್ರಾಪರ್ಟಿ ಇದ್ದರೆ ಆ ಹಡಗನ್ನು ಬೇರೆ ತೀರಕ್ಕೆ ತಿರುಗಿಸಿ.