ಯಾವ ಬಿಜಾಪುರದವರು?

ಟ್ವಿಟರ್ ಖಾತೆಯಲ್ಲಿ ಊರಿನ ಹೆಸರಿಗೆಂದು ಬಿಟ್ಟ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದಿತ್ತು. 2009ರ ಜೂನ್‌ನಲ್ಲಿ ಇರಾನಿನ ಚುನಾವಣೆಯ ಬೆನ್ನಿಗೇ ಪ್ರತಿಭಟನೆ ಭುಗಿಲೆದ್ದಾಗ ಹೊರದೇಶಗಳ ಅನೇಕರು ತಮ್ಮ ಊರನ್ನು ಟೆಹರಾನ್ ಎಂದು ಬದಲಿಸಿಕೊಂಡರು. ಪ್ರತಿಭಟನಾಕಾರರು ಅಲ್ಲಿನ ಅಧಿಕಾರಿಗಳ ಕೈಗೆ ಸಿಗದಿರಲಿ ಎಂಬುದು ಅವರ ಆಸೆ. 2011ರಲ್ಲಿ ಅಮೆರಿಕದ ಸಂಶೋಧಕರು ಆ ಜಾಗವನ್ನೇ ಜಾಲಾಡಿದಾಗ ಶೇ 34ರಷ್ಟು ಬಳಕೆದಾರರು ನಿಜವಾದ ಊರನ್ನೇ ಕೊಟ್ಟಿರಲಿಲ್ಲ. ಗಾಯಕ ಜಸ್ಟಿನ್ ಬೀಬರ್‌ನ ಹೃದಯವೇ ತಮ್ಮ ವಾಸಸ್ಥಳ ಎಂದವರೂ ಇದ್ದರು.

ಬಳಕೆದಾರರು ಎಲ್ಲಿಯವರೆಂದು ಕಂಡುಹಿಡಿಯ ಹೊರಟವರು ಇಂಥವನ್ನು ಜರಡಿ ಹಿಡಿಯಬಹುದು. ನಿಜ ಬರೆದವರದೇ ಕಷ್ಟ. ಒಬ್ಬರು ‘ಬಿಜಾಪುರ’ ಎಂದಷ್ಟೇ ಬರೆದಿದ್ದಾರೆ ಎನ್ನಿ. ಕಂಪ್ಯೂಟರು ಜಿಯೋನೇಮ್ಸ್‌ನಂಥ ಸ್ಥಳನಾಮ ಪಟ್ಟಿಯಲ್ಲಿ ಹುಡುಕುತ್ತದೆ; ಒಂದೇ ಹೆಸರಿನ ಹಲವು ಊರು ಸಿಕ್ಕರೆ ಜನಸಂಖ್ಯೆ ಹೆಚ್ಚಿರುವುದನ್ನು ಆರಿಸಿಕೊಳ್ಳುವುದು ಹಳೆಯ ರೂಢಿ. ಗೋಲ ಗುಮ್ಮಟದ ಊರು ಗೆಲ್ಲುತ್ತದೆ. 2007ರಲ್ಲಿ ಜಿಲ್ಲಾ ಕೇಂದ್ರವಾದ, ಛತ್ತೀಸಗಢದ ಬಸ್ತರ್ ಸೀಮೆಯ ಬಿಜಾಪುರದವರೆಲ್ಲ ಕರ್ನಾಟಕದ ಲೆಕ್ಕಕ್ಕೆ ಬರುತ್ತಾರೆ. ಒಟ್ಟು ಲೆಕ್ಕದಲ್ಲಿ ಈ ರೂಢಿಗೆ ಒಳ್ಳೆಯ ಅಂಕವೇ ಬೀಳುತ್ತದೆ, ನಿಜ. ಆದರೆ ತಪ್ಪಿನ ಹೊರೆಯೆಲ್ಲ ಸಣ್ಣ ಊರಿನವರ ಮೇಲೇ ಬೀಳುವುದು ಅನ್ಯಾಯ. ನೆರೆಯಲ್ಲೋ ರೋಗ ಹರಡಿದಾಗಲೋ ಇಂಥ ಲೆಕ್ಕ ನಂಬಿ ನೆರವು ಹಂಚಿದರೆ ಬಿಟ್ಟುಹೋಗುವವರೂ ಅವರೇ.

2014ರ ನವೆಂಬರ್ 1ರಂದು ನಮ್ಮ ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ತೊಡಕು ಮುಗಿಯಲಿಲ್ಲ, ಏಕೆಂದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲೇ ಒಂದು ವಿಜಯಪುರವಿದೆ. ಹಳೆಯ ಖಾತೆಗಳಲ್ಲಿ ಹಳೆಯ ಹೆಸರೂ ಉಳಿದಿದೆ.

ಹೆಸರನ್ನು ಬಿಟ್ಟು ಸ್ನೇಹಿತರನ್ನು ನೋಡುವ ದಾರಿ ತೆರೆದದ್ದು 2010ರಲ್ಲಿ. ದೂರ ಹೆಚ್ಚಿದಂತೆ ಇಬ್ಬರು ಸ್ನೇಹಿತರಾಗಿರುವ ಸಂಭವ ಕಡಿಮೆಯಾಗುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಫೇಸ್‌ಬುಕ್ ಸಂಶೋಧಕರು ಅಮೆರಿಕದ ಬಳಕೆದಾರರ ನೆಲೆಯನ್ನು ಊಹಿಸಿದರು. ಐಪಿ ವಿಳಾಸ, ಅಂದರೆ ಅಂತರ್ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ, ನೋಡಿ ಹೇಳುವುದಕ್ಕಿಂತ ಅದು ಹೆಚ್ಚು ನಿಖರವಾಗಿತ್ತು. ನಮ್ಮ ಉದಾಹರಣೆಯಲ್ಲಿ ಸ್ನೇಹಿತರು ದಂತೇವಾಡ, ಜಗದಲ್‌ಪುರದವರಾದರೆ ಒಂದು ಬಿಜಾಪುರ. ಇಂಡಿ, ಸಿಂದಗಿಯವರಾದರೆ ಇನ್ನೊಂದು. ನನಗೆ ಇದು ನ್ಯಾಯವಾದ ದಾರಿ ಎನಿಸುತ್ತದೆ, ಜನಸಂಖ್ಯೆಯ ಬಲಕ್ಕೆ ಇಲ್ಲಿ ಬೆಲೆಯಿಲ್ಲ. ಆದರೂ ಸಿಂದಗಿಯಿಂದ ಗೋವಾಕ್ಕೆ ದುಡಿಯಲು ಹೋದವರ ವಿಷಯದಲ್ಲಿ ಇದೂ ಎಡವುತ್ತದೆ. ಅವರ ಸ್ನೇಹಿತರೆಲ್ಲ ಊರಲ್ಲೇ ಇರುತ್ತಾರೆ, ಖಾತೆಯಲ್ಲೂ ಹುಟ್ಟೂರಿನ ಹೆಸರೇ ಇರುತ್ತದೆ.

ಟ್ವೀಟ್‌ಗೆ ನಿಖರ ಸ್ಥಳ ಸೇರಿಸುವ ಸೌಲಭ್ಯವನ್ನು ಟ್ವಿಟರ್ 2019ರಲ್ಲಿ ಕೈಬಿಟ್ಟಿತು. ಅದನ್ನು ಬಳಸುವವರು ತೀರಾ ಕಡಿಮೆ ಎಂಬುದು ಕೊಟ್ಟ ಕಾರಣ. ಸ್ನೇಹಿತರ ಮೂಲಕ ಊಹಿಸುವುದಕ್ಕೆ ಮಾತ್ರ ಬಳಕೆದಾರರ ಒಪ್ಪಿಗೆಯೇ ಬೇಕಿಲ್ಲ. ಊರಿನ ಜಾಗವನ್ನು ಖಾಲಿ ಬಿಟ್ಟವರ ನೆಲೆಯನ್ನೂ ಅದು ಹೇಳಬಲ್ಲದು.