ಮೋಲಾ ತೇಪೆ ಕೆಲಸ ಅಲ್ಲ

ಮೋಲಾ ಅಂದರೆ ಮಧ್ಯ ಅಮೆರಿಕದ ಪನಾಮಾ ದೇಶದ ಗುನಾ ಬುಡಕಟ್ಟಿನ ಹೆಂಗಸರು ಕೈಯಲ್ಲಿ ಹೊಲಿಯುವ ಚಿತ್ತಾರದ ಬಟ್ಟೆ. ಹೊಲಿಗೆ ಕ್ಲಾಸಿನಲ್ಲಿ ಅದನ್ನು ತೋರಿಸಿದಾಗೆಲ್ಲ ಮೊದಲು ಬರುವ ಪ್ರಶ್ನೆ, "ಇದು ತೇಪೆ ಕೆಲಸ ಅಲ್ವಾ ಮೇಡಂ?"

ಅಲ್ಲ. ನಮ್ಮ ಕೌದಿಯಲ್ಲಿ ತುಂಡಿನ ಮೇಲೆ ತುಂಡು ಕೂರಿಸುತ್ತಾ ಹೋಗುತ್ತೇವೆ. ಗುನಾ ಹೆಂಗಸರ ಮುಖ್ಯ ಪಟ್ಟು ಇದರ ಉಲ್ಟಾ. ಎರಡೋ ಮೂರೋ, ಕೆಲವೊಮ್ಮೆ ಇನ್ನೂ ಜಾಸ್ತಿಯೋ ಬೇರೆ ಬೇರೆ ಬಣ್ಣದ ಹತ್ತಿ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಕಚ್ಚಾ ಹೊಲಿಗೆ ಹಾಕುತ್ತಾರೆ. ಆಮೇಲೆ ಮೇಲಿನ ಬಟ್ಟೆಯನ್ನು ಸೀಳಿ, ಸೀಳಿದ ಅಂಚನ್ನು ಒಳಕ್ಕೆ ಮಡಚಿ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಯಲ್ಲಿ ಕೆಳಗಿನ ಬಟ್ಟೆಗೆ ಸೇರಿಸುತ್ತಾರೆ. ಆ ಸೀಳಿನಲ್ಲಿ ಕೆಳಗಿನ ಬಣ್ಣ ಇಣುಕುತ್ತದೆ. ಚಿತ್ರ ಮೂಡುವುದು ಹೀಗೆ.

ಕೈಯಲ್ಲಿ ಮಾಡಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಒಂದೇ ಸಲ ಪೂರ್ತಿ ಸೀಳಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ನಾನು ಸ್ವಲ್ಪ ಸೀಳಿ, ಸ್ವಲ್ಪ ಹೊಲಿದು ಮುಂದೆ ಹೋಗಿ ಅಂತೀನಿ. ನೇರ ಗೆರೆ ಸುಲಭ. ಹಕ್ಕಿಯ ಕೊಕ್ಕಿನ ಚೂಪು ತುದಿ ಬಂದಾಗ ಮಡಚಲು ಬಟ್ಟೆಯೇ ಉಳಿದಿರುವುದಿಲ್ಲ, ಒಂದು ಎಳೆ ಆಚೆ ಕತ್ತರಿ ಹೋದರೆ ಮುಗಿಯಿತು.

ಗುನಾ ಭಾಷೆಯಲ್ಲಿ ಮೋಲಾ ಅಂದರೆ ಬಟ್ಟೆ, ರವಿಕೆ. ಎದೆಗೊಂದು, ಬೆನ್ನಿಗೊಂದು, ಹೀಗೆ ಜೋಡಿಯಾಗಿ ಹೊಲಿಯುತ್ತಾರೆ. ಎರಡೂ ಅಕ್ಕತಂಗಿಯರ ಹಾಗೆ, ಹೋಲುತ್ತವೆ, ಆದರೆ ಒಂದೇ ಅಲ್ಲ. ಹಿಂದೆ ಮೈಮೇಲೆ ಬರೆದುಕೊಳ್ಳುತ್ತಿದ್ದ ಚಿತ್ತಾರ ವ್ಯಾಪಾರದ ಬಟ್ಟೆ ಬಂದ ಮೇಲೆ ಬಟ್ಟೆಗೆ ಇಳಿಯಿತು. ಪನಾಮಾ ಸರ್ಕಾರ ಈ ಉಡುಗೆಯನ್ನೂ ಮೂಗುತಿಯನ್ನೂ ಬಿಡಿಸಲು ಹೊರಟಿತ್ತು, 1925ರ ಫೆಬ್ರವರಿಯಲ್ಲಿ ಗುನಾ ಜನ ದಂಗೆ ಎದ್ದದ್ದಕ್ಕೆ ಅದೂ ಒಂದು ಕಾರಣ. 2019ರಲ್ಲಿ ನೈಕಿ ಕಂಪನಿ ಇದೇ ಚಿತ್ತಾರವನ್ನು ಕೆರಿಬಿಯನ್ ದ್ವೀಪ ಪೋರ್ಟೊರಿಕೊದ ಹೆಸರಿನ ಶೂ ಮೇಲೆ ಹಾಕಿದಾಗಲೂ ಅವರು ಸುಮ್ನೆ ಕೂರಲಿಲ್ಲ, ಕಂಪನಿ ಆ ಶೂ ಬಿಡುಗಡೆಯನ್ನೇ ಕೈಬಿಟ್ಟಿತು. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ. ಈ ಚಿತ್ತಾರಕ್ಕೆ ವಾರಸುದಾರರಿದ್ದಾರೆ.

ಕೊಳ್ಳುವಾಗ ಗೆರೆಗಳ ಅಗಲ ಎಲ್ಲ ಕಡೆ ಒಂದೇ ಇದೆಯಾ ನೋಡಿ, ಅಂಚನ್ನು ಉಗುರಿನಿಂದ ಸವರಿ. ಮೆಷಿನ್ ಹೊಲಿಗೆಯ ಗೆರೆ ಬೆರಳಿಗೇ ಸಿಗುತ್ತದೆ. ಸುತ್ತ ಹಳೇ ಹೊಲಿಗೆಯ ಗುರುತು, ಮಾಸಿದ ಬಣ್ಣ ಕಂಡರೆ ಬೇಸರ ಬೇಡ, ಅದನ್ನು ಯಾರೋ ತೊಟ್ಟಿದ್ದರು, ನಾನಾದರೆ ಅದನ್ನೇ ಆರಿಸುತ್ತೇನೆ. ಕೆಂಪು ಬಣ್ಣ ಬಿಡಬಹುದು, ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ನೋಡದೆ ತೊಳೆಯಬೇಡಿ. ಫ್ರೇಮ್ ಹಾಕಿಸುವುದಾದರೆ ದಯವಿಟ್ಟು ಗೋಂದು ಹಚ್ಚಿಸಬೇಡಿ, ಹಿಂದೆ ಹತ್ತಿ ಬಟ್ಟೆ ಕೊಟ್ಟು ನಾಲ್ಕು ಅಂಚಿಗೂ ಸಡಿಲವಾಗಿ ಹೊಲಿಸಿ.