ಪದ ಪರಿಚಯ: ‘ಪಾಲ್ಗೊಳ್ಳುವಿಕೆ ದರ’, ಅಥವಾ ಉಚಿತ ತಪಾಸಣೆಯ ನಿಜವಾದ ಖರ್ಚು

ಆರೋಗ್ಯ ಇಲಾಖೆಯ ವರದಿಗಳಲ್ಲಿ ‘ಪಾಲ್ಗೊಳ್ಳುವಿಕೆ ದರ’ ಎಂಬ ಮಾತು ಬರುತ್ತದೆ. ತಪಾಸಣೆ ಆಗಬೇಕಾದ ನೂರು ಜನರಲ್ಲಿ ಎಷ್ಟು ಮಂದಿಗೆ ಆಯಿತು ಅನ್ನುವ ಲೆಕ್ಕ ಅದು. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ವಿಷಯದಲ್ಲಿ ಈ ಅಂಕಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ. 2030ರೊಳಗೆ ಶೇ. 70 ಮುಟ್ಟಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ.

ದರ ಲೆಕ್ಕ ಹಾಕುವ ಮೊದಲು ‘ತಪಾಸಣೆ’ ಯಾವುದು ಅನ್ನುವುದು ಸ್ಪಷ್ಟವಾಗಬೇಕು. ಬಿಳಿ ಸೆರಗು ಹೋಗುತ್ತಿದೆ, ಮುಟ್ಟು ನಿಂತ ಮೇಲೂ ರಕ್ತ ಕಾಣುತ್ತಿದೆ, ಗಂಡ–ಹೆಂಡತಿ ಸೇರಿದ ಮೇಲೆ ರಕ್ತ ಬರುತ್ತಿದೆ ಎಂದು ಬಂದವರಿಗೆ ಮಾಡುವುದು ರೋಗ ಪತ್ತೆಯ ಪರೀಕ್ಷೆ. ಏನೂ ತೊಂದರೆ ಇಲ್ಲದವರನ್ನು ಕರೆದು ನೋಡುವುದು ತಪಾಸಣೆ, ಅಂದರೆ ಸ್ಕ್ರೀನಿಂಗ್. ಎಚ್‌ಪಿವಿ ಎಂಬ ವೈರಸ್ ಸೇರಿಕೊಂಡು ಕ್ಯಾನ್ಸರ್ ಆಗುವ ಹೊತ್ತಿಗೆ ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ಆ ನಡುವಿನ ಹಂತದಲ್ಲಿ ನೋವಿಲ್ಲ, ಸ್ರಾವವಿಲ್ಲ. ಅಲ್ಲೇ ಹಿಡಿದು ಚಿಕಿತ್ಸೆ ಕೊಟ್ಟರೆ ಕ್ಯಾನ್ಸರ್ ಆಗುವುದನ್ನು ಬಹುಮಟ್ಟಿಗೆ ತಡೆಯಬಹುದು.

ಲೆಕ್ಕ ತಪ್ಪುವುದೂ ಇಲ್ಲಿಯೇ. ಒಂದು ಆರೋಗ್ಯ ಉಪಕೇಂದ್ರದ ಪಟ್ಟಿಯಲ್ಲಿ 30ರಿಂದ 65 ವಯಸ್ಸಿನ 600 ಹೆಂಗಸರಿದ್ದಾರೆ, ಶಿಬಿರಕ್ಕೆ 60 ಮಂದಿ ಬಂದರು ಎಂದಿಟ್ಟುಕೊಳ್ಳಿ. ದರ ಶೇ. 10. ಆ 60ರಲ್ಲಿ 20 ಜನ ತೊಂದರೆ ಇದ್ದೇ ಬಂದವರಾದರೆ, ತಪಾಸಣೆ ಆಗಿದ್ದು 40 ಜನಕ್ಕೆ, ದರ ಶೇ. 7ರ ಒಳಗೆ. ಇನ್ನು, ಪಾಸಿಟಿವ್ ಬಂದ ಆರು ಮಂದಿಯಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋದವರು ಮೂವರೇ ಆದರೆ? ಉಳಿದ ಮೂವರ ಪಾಲಿಗೆ ತಪಾಸಣೆ ಆಗಿದ್ದೂ ಒಂದೇ, ಆಗದಿದ್ದದ್ದೂ ಒಂದೇ. ಹಾಗಾಗಿ ಶಿಬಿರಕ್ಕೆ ಎಷ್ಟು ಜನ ಬಂದರು ಅನ್ನುವ ಒಂದೇ ಸಂಖ್ಯೆಯನ್ನು ನಾವು ನಂಬುವುದಿಲ್ಲ.

ಸರ್ಕಾರಿ ಕೇಂದ್ರದಲ್ಲಿ ಇದು ಉಚಿತವಲ್ಲವೇ, ಮತ್ತೇಕೆ ಬರುವುದಿಲ್ಲ? ‘ತಿಳಿವಳಿಕೆ ಸಾಲದು’ ಎಂಬ ಉತ್ತರ ಸಲೀಸಾಗಿ ಬಾಯಿಗೆ ಬರುತ್ತದೆ. ಅದು ಅರ್ಧ ನಿಜ. ಪರೀಕ್ಷೆಗೆ ದುಡ್ಡಿಲ್ಲ, ದಿನಕ್ಕೆ ದುಡ್ಡಿದೆ. ಚಿಕ್ಕಬಳ್ಳಾಪುರ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಬಾಗೇಪಲ್ಲಿಯಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 40 ಕಿ.ಮೀ. ಬರಲು ಅವರಿಗೆ ಟಿಕೆಟ್ ಬೇಕಿಲ್ಲ. ಜೊತೆಗೆ ಬರುವ ಗಂಡನಿಗೆ ಟಿಕೆಟ್ ಬೇಕು, ಅವನ ಕೂಲಿಯೂ ಹೋಗುತ್ತದೆ. 2025–26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ. ಆ ಲೆಕ್ಕದಲ್ಲಿ ಮೂರು ಸಲ ಓಡಾಡಿದರೆ ಹೆಂಡತಿಯದ್ದೊಂದೇ 1,110 ರೂಪಾಯಿ. ಹಾಜರಿ ಬೋನಸ್ ಇರುವ ಗಾರ್ಮೆಂಟ್ಸಿನಲ್ಲಿ ದುಡಿಯುವವರಿಗೆ ಒಂದು ದಿನದ ರಜೆ ಬರೀ ಒಂದು ದಿನದ ಸಂಬಳವನ್ನಷ್ಟೇ ತಿನ್ನುವುದಿಲ್ಲ.

ಶಿಡ್ಲಘಟ್ಟದ ಕಡೆ ಇನ್ನೊಂದು ಲೆಕ್ಕವಿದೆ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಮೇಲೆ ಸುಮಾರು ಒಂದು ವಾರ ಬಕಾಸುರನಂತೆ ಸೊಪ್ಪು ತಿನ್ನುತ್ತದೆ. ಆ ವಾರ ಮನೆಯ ಹೆಂಗಸು ಹುಳು ಮನೆ ಬಿಟ್ಟು ಕದಲುವಂತಿಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ, ಮಾರುಕಟ್ಟೆಗೆ ಹಾಕಿದ ಮೇಲೆ ಮುಂದಿನ ಚಾಕಿ (ಎಳೆ ಹುಳು) ಬರುವವರೆಗೆ ನಾಲ್ಕು ದಿನ ಉಸಿರಾಡಲು ಸಿಗುತ್ತದೆ. ಶಿಬಿರದ ತಾರೀಖು ತಾಲ್ಲೂಕು ಕಚೇರಿಯಲ್ಲಿ ಗೊತ್ತಾದರೆ ಈ ನಾಲ್ಕು ದಿನಕ್ಕೆ ಹೊಂದುವುದು ಅಪರೂಪ. ಮನೆಮನೆಯ ಬೆಳೆ ಬೇರೆಬೇರೆಯಾದ್ದರಿಂದ ಒಂದೇ ದೊಡ್ಡ ಶಿಬಿರಕ್ಕಿಂತ ವಾರಕ್ಕೊಂದು ನಿಗದಿತ ದಿನ ಕೇಂದ್ರದಲ್ಲೇ ಪರೀಕ್ಷೆ ಇಡುವುದು ಮೇಲು. ಸಮಯವೂ ಮುಖ್ಯ: ಬೆಳಗಿನ ಹಾಲು ಡೇರಿಗೆ ಹಾಕಿದ ಮೇಲೆ, ಸಂಜೆ ಕರೆಯುವ ಹೊತ್ತಿಗೆ ಮುಂಚೆ.

ಇಲ್ಲಿಗೆ ಬಂದರೆ ಯಾವ ಪರೀಕ್ಷೆ ಅಗ್ಗ ಎಂಬ ಪ್ರಶ್ನೆಯೇ ಬೇರೆ ರೂಪ ಪಡೆಯುತ್ತದೆ. ಪ್ಯಾಪ್ ಪರೀಕ್ಷೆಯಲ್ಲಿ ಗರ್ಭಕಂಠದ ಜೀವಕೋಶಗಳನ್ನು ಕೆರೆದು ಗಾಜಿನ ಮೇಲೆ ಸವರಿ ಲ್ಯಾಬಿಗೆ ಕಳಿಸಬೇಕು. ವರದಿ ಬರಲು ದಿನಗಳು, ಒಮ್ಮೊಮ್ಮೆ ವಾರಗಳು ಬೇಕು. ಎಂದರೆ ಇನ್ನೊಂದು ಓಡಾಟ ಗ್ಯಾರಂಟಿ. ವಿಐಎ, ಅಂದರೆ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ಬರಿಗಣ್ಣಿನಲ್ಲೇ ನೋಡುವ ಪರೀಕ್ಷೆಯ ಫಲಿತಾಂಶ ಅಲ್ಲೇ, ಆಗಲೇ. ಸರ್ಕಾರಿ ಕಾರ್ಯಕ್ರಮ ಐದು ವರ್ಷಕ್ಕೊಮ್ಮೆ ವಿಐಎ ಎಂದು ಆರಿಸಿಕೊಂಡದ್ದರ ಹಿಂದೆ ಇದೂ ಒಂದು ಕಾರಣ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಕೇಂದ್ರ ನಡೆಸಿದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಮಾಡಿದ ವಿಐಎಯಿಂದ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು.

ವಿಐಎ ಸರಳ, ಆದರೆ ಕೆಡುವುದೂ ಸುಲಭ. 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲಕ್ಕೆ 95 ಮಿ.ಲೀ. ಡಿಸ್ಟಿಲ್ಡ್ ನೀರು ಸೇರಿಸಿದರೆ ಶೇ. 5ರ ದ್ರಾವಣ. ಅದನ್ನು ಆವತ್ತಾವತ್ತೇ ಮಾಡಿಕೊಳ್ಳಬೇಕು. ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಉಪಕರಣ) ಇಟ್ಟು, ಲೋಳೆ ಒರೆಸಿ, ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಒತ್ತಿ ಪೂರ್ತಿ ಒಂದು ನಿಮಿಷ ಕಾಯಬೇಕು. ಅಸಹಜ ಜೀವಕೋಶವಿದ್ದ ಕಡೆ ಅಂಚು ಸ್ಪಷ್ಟವಾದ ದಟ್ಟ ಬಿಳಿ ಮಚ್ಚೆ ಏಳುತ್ತದೆ. ಹೊರಗೆ ಸಾಲು ಬೆಳೆದಿದೆ ಎಂದು ಇಪ್ಪತ್ತು ಸೆಕೆಂಡಿಗೆ ನೋಡಿ ‘ನೆಗೆಟಿವ್’ ಬರೆದರೆ ಮಚ್ಚೆ ಏಳಲು ಸಮಯವೇ ಸಿಕ್ಕಿರುವುದಿಲ್ಲ. ಟಾರ್ಚಿನ ಬೆಳಕು ಮಂಕಾದರೂ ಅಷ್ಟೇ. ಸೋಂಕಿನಿಂದ ಊದಿಕೊಂಡ ಗರ್ಭಕಂಠವೂ ಬೆಳ್ಳಗೆ ಕಾಣಬಹುದು, ಆದ್ದರಿಂದ ‘ಪಾಸಿಟಿವ್’ ಎಂದರೆ ಕ್ಯಾನ್ಸರ್ ಎಂದಲ್ಲ. ಇದನ್ನು ಪರೀಕ್ಷೆಗೆ ಮುಂಚೆಯೇ ಹೇಳಬೇಕು. ಆಮೇಲೆ ಹೇಳಿದರೆ ಗಾಬರಿಯಲ್ಲಿ ಕಿವಿಗೆ ಹೋಗುವುದಿಲ್ಲ.

ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದಿರುತ್ತದೆ, ವಿಐಎ ಅಷ್ಟು ನೆಚ್ಚುವಂತಿರುವುದಿಲ್ಲ. ಅಂಥವರಿಗೆ ಆ ವೈರಸ್ ಇದೆಯೇ ಎಂದು ನೋಡುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಒಳ್ಳೆಯದು. ಖಾಸಗಿಯಲ್ಲಿ ಅದಕ್ಕೆ ಸಾವಿರದ ಮೇಲೆ ಬೀಳುತ್ತದೆ. ಆದರೆ ಹೆಂಗಸು ತಾನೇ ಮರೆಯಲ್ಲಿ ಬ್ರಶ್ಶಿನಿಂದ ಮಾದರಿ ತೆಗೆದುಕೊಡಬಹುದು, ಸ್ಪೆಕ್ಯುಲಮ್ ಬೇಡ, ನೆಗೆಟಿವ್ ಬಂದರೆ 5ರಿಂದ 10 ವರ್ಷ ಮತ್ತೆ ಬರಬೇಕಿಲ್ಲ. ಕಿಟ್ಟಿನ ಬೆಲೆಯ ಜೊತೆ ಉಳಿದ ಓಡಾಟವನ್ನೂ ತೂಗಿ ನೋಡಬೇಕು.

ನಾಚಿಕೆಯೂ ಖರ್ಚೇ. ಆಶಾ ಕಾರ್ಯಕರ್ತೆ ಮನೆಗೆ ಬಂದು 30 ದಾಟಿದವರಿಗೆ ತುಂಬುವ ಸಿಬಿಎಸಿ ಎಂಬ ಆರೋಗ್ಯ ಪ್ರಶ್ನಾವಳಿಯ ಫಾರಂನಲ್ಲಿ ‘ಸಂಭೋಗದ ನಂತರ ರಕ್ತಸ್ರಾವ ಇದೆಯೇ’ ಎಂಬ ಪ್ರಶ್ನೆಯಿದೆ. ನಡುಮನೆಯಲ್ಲಿ ಅತ್ತೆ, ಮೈದುನ ಕೂತಿರುವಾಗ ಕೇಳಿದರೆ ಉತ್ತರ ಒಂದೇ: ‘ಇಲ್ಲ ಕಣಕ್ಕ’. ಹಿತ್ತಿಲಿಗೆ ಕರೆದು, ಬಾಗೇಪಲ್ಲಿ, ಚಿಂತಾಮಣಿ ಕಡೆ ಮನೆಮಾತು ತೆಲುಗಾದರೆ ತೆಲುಗಿನಲ್ಲೇ ಕೇಳಿದರೆ ಬೇರೆ ಉತ್ತರ ಬರಬಹುದು.

ಹೋಗುವವರು ತಿಳಿದಿರಬೇಕಾದ್ದು ಸ್ವಲ್ಪವೇ. ಮುಟ್ಟಿನ ದಿನಗಳಲ್ಲಿ ಬೇಡ. ಬಸಿರಿದ್ದರೆ ಮೊದಲೇ ಹೇಳಿ. ಹಿಂದಿನ ಒಂದೆರಡು ದಿನ ಒಳಗೆ ಇಡುವ ಮಾತ್ರೆ, ಕ್ರೀಮು ಬೇಡ. ಗರ್ಭಕೋಶ ತೆಗೆಸಿದ್ದರೆ ಡಿಸ್ಚಾರ್ಜ್ ಚೀಟಿ ಒಯ್ಯಿರಿ. ಗರ್ಭಕಂಠವನ್ನೂ ತೆಗೆದಿದ್ದಾರೆಯೇ, ಯಾವ ಕಾರಣಕ್ಕೆ ತೆಗೆದರು ಅನ್ನುವುದರ ಮೇಲೆ ತಪಾಸಣೆ ಬೇಕೋ ಬೇಡವೋ ನಿಂತಿದೆ. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೂ 30 ದಾಟಿದ ಮೇಲೆ ತಪಾಸಣೆ ತಪ್ಪುವುದಿಲ್ಲ.

ವಿಐಎ ಪಾಸಿಟಿವ್ ಬಂದು, ಮಚ್ಚೆ ಪೂರ್ತಿ ಕಣ್ಣಿಗೆ ಸಿಗುವಂತಿದ್ದು, ಕ್ಯಾನ್ಸರಿನ ಅನುಮಾನವಿಲ್ಲದಿದ್ದರೆ ಅದನ್ನು ಥರ್ಮಲ್ ಅಬ್ಲೇಶನ್‌ನಲ್ಲಿ ಸುಡಬಹುದು. 100 ಡಿಗ್ರಿ ಬಿಸಿಯ ಪ್ರೋಬನ್ನು 20–30 ಸೆಕೆಂಡು ಒತ್ತಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಡ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಯಂತ್ರವೂ ತರಬೇತಿ ಪಡೆದವರೂ ಇರುವ ಕಡೆ ಪರೀಕ್ಷೆಯಾದ ದಿನವೇ ಇದನ್ನು ಮುಗಿಸಬಹುದು. ಇಲ್ಲದ ಕಡೆ ಜಿಲ್ಲಾ ಆಸ್ಪತ್ರೆ, ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡುವುದು), ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು), ವರದಿ ಎಂದು ಮೂರು ನಾಲ್ಕು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಶಿಬಿರದ ಕರಪತ್ರ ಕೈಗೆ ಬಂದಾಗ ‘ಪರೀಕ್ಷೆಗೆ ದುಡ್ಡೆಷ್ಟು’ ಎಂದು ಕೇಳುವ ಬದಲು ‘ಪಾಸಿಟಿವ್ ಬಂದರೆ ಇಲ್ಲೇ ಆವತ್ತೇ ಚಿಕಿತ್ಸೆ ಕೊಡ್ತೀರಾ, ಇಲ್ಲಾಂದ್ರೆ ಎಲ್ಲಿಗೆ, ಯಾವ ವಾರ ಹೋಗ್ಬೇಕು’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.